ಮುಖಲೇಪನವೂ ವಿಷವಾಣಿಜ್ಯವೂ

ಜೈನ ಗೃಹಸ್ಥನ ಅಡುಗೆಮನೆ ಎದುರಿಸುವಷ್ಟು ಪ್ರಶ್ನೆಗಳನ್ನು ಲೋಕದ ಬೇರಾವ ಅಡುಗೆಮನೆಯೂ ಎದುರಿಸಲಾರದು. ನೀರನ್ನು ಸೋಸಿದೆಯೇ? ಸೋಸಿ ಎಷ್ಟು ಹೊತ್ತಾಯಿತು? ಹಿಟ್ಟು ಬೀಸಿ ಎಷ್ಟು ದಿನವಾಯಿತು? ಉಪ್ಪಿನಕಾಯಿಯ ಮರ್ಯಾದೆಯ ಕಾಲ ಮೀರಿತೇ? ಗಡ್ಡೆ ಸೇರಿತೇ, ಜೇನು ಸೇರಿತೇ, ಸೂರ್ಯ ಮುಳುಗಿದನೇ? ಮಕ್ಕಳು ಕೊಂಡು ತಂದ ಬಿಸ್ಕತ್ತಿನ ಪೊಟ್ಟಣವನ್ನು ಹಿಂದುಮುಂದು ತಿರುಗಿಸಿ, ಕನ್ನಡಕವೇರಿಸಿ ಸಣ್ಣಕ್ಷರಗಳನ್ನು ಓದುವ ಅಜ್ಜಿಯರು ಇಂದಿಗೂ ಇದ್ದಾರೆ. ಈ ಎಚ್ಚರವನ್ನು ಕಂಡು ಹೊರಗಿನವರು ನಗಬಹುದು; ಆದರೆ ಸಾವಿರಾರು ವರ್ಷಗಳಿಂದ ಈ ಧರ್ಮವನ್ನು ಗೃಹಸ್ಥರ ಮನೆಗಳಲ್ಲಿ ಉಳಿಸಿಕೊಂಡು ಬಂದದ್ದು ಈ ಪ್ರಶ್ನೆಗಳೇ.

ಅದೇ ಮನೆಯ ಒಳಕೋಣೆಯಲ್ಲಿ, ಕನ್ನಡಿಯ ಕೆಳಗೆ, ಒಂದು ಹಲಗೆಯುಂಟು. ಅಲ್ಲಿ ಡಬ್ಬಿಗಳು, ಟ್ಯೂಬುಗಳು, ಸೀಸೆಗಳು ಸಾಲಾಗಿ ನಿಂತಿರುತ್ತವೆ. ಮುಖಕ್ಕೆ ಹಗಲಿಗೊಂದು ಕ್ರೀಮು, ರಾತ್ರಿಗೊಂದು ಕ್ರೀಮು, ಕಲೆ ಮುಚ್ಚಲು ಒಂದು, ಅದರ ಮೇಲೆ ಫೌಂಡೇಶನ್, ಅದರ ಮೇಲೆ ಪೌಡರು, ತುಟಿಗೆ ಬಣ್ಣ. ಆ ಹಲಗೆಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಬಾಯಿಗೆ ಹೋಗುವುದನ್ನು ಮೂರು ಬಾರಿ ವಿಚಾರಿಸುವ ಮನೆ, ಮುಖಕ್ಕೆ ಹಚ್ಚುವುದನ್ನು ಒಮ್ಮೆಯೂ ವಿಚಾರಿಸುವುದಿಲ್ಲ. ಚರ್ಮವು ಸುಣ್ಣ ಬಳಿಯುವ ಗೋಡೆಯೆಂದು ಈ ಮನೆ ತಿಳಿದಂತಿದೆ.

ಆಗ ಆ ಮುಖದ ಮೇಲೆ ಗುಳ್ಳೆಗಳು ಏಳುತ್ತವೆ. ಮನೆಯವರ ಬಳಿ ಕಾರಣಗಳಿಗೇನೂ ಕೊರತೆಯಿಲ್ಲ. ವಯಸ್ಸಿನ ಮೊಡವೆ ಎಂದು ತಂದೆ, ಉಷ್ಣವೆಂದು ತಾಯಿ, ಕರಿದ ತಿಂಡಿಯೆಂದು ಅಜ್ಜಿ, ಯಾರದೋ ದೃಷ್ಟಿ ತಗುಲಿತೆಂದು ನೆರೆಮನೆಯಾಕೆ. ಹದಿಹರೆಯದ ಮೊಡವೆಗೆ ಶರೀರದೊಳಗಿನ ಕಾರಣಗಳು ನಿಜಕ್ಕೂ ಉಂಟು. ವಂಶದ ಪಾಲೂ ಉಂಟು. ಆದರೆ ಇಪ್ಪತ್ತೈದು, ಮೂವತ್ತು ದಾಟಿದ, ಹರೆಯದಲ್ಲಿ ಒಂದು ಮೊಡವೆಯನ್ನೂ ಕಾಣದ ಹೆಂಗಸಿಗೆ ಗಲ್ಲ ಕೆನ್ನೆಗಳ ಮೇಲೆ ಸಣ್ಣಸಣ್ಣ ಬಿಳಿಯ ಗಂಟುಗಳು ಕಾಣಿಸಿಕೊಂಡರೆ ಅದನ್ನು ಯಾವ ವಯಸ್ಸಿನ ಲೆಕ್ಕಕ್ಕೆ ಬರೆಯುವುದು? ಅಮೆರಿಕದ ಚರ್ಮರೋಗ ತಜ್ಞರಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಓಟೋ ಮಿಲ್ಸ್ ಎಂಬವರು 1972ರಷ್ಟು ಹಿಂದೆಯೇ ಇದಕ್ಕೆ ಪ್ರತ್ಯೇಕವಾಗಿ ಹೆಸರಿಟ್ಟರು: ಆಕ್ನೆ ಕಾಸ್ಮೆಟಿಕಾ, ಅಂದರೆ ಪ್ರಸಾಧನದ ಮೊಡವೆ. ಹಚ್ಚಿಕೊಳ್ಳುವ ವಸ್ತುವೇ ಇದರ ಕಾರಣ.

ಇದು ಆಗುವ ಬಗೆ ಸರಳವಾಗಿದೆ. ಚರ್ಮದ ಪ್ರತಿಯೊಂದು ರೋಮಕೂಪದ ಒಳಗೆ ಜಿಡ್ಡನ್ನು ಸ್ರವಿಸುವ ಗ್ರಂಥಿಯಿದೆ. ಆ ಜಿಡ್ಡು ಮೇಲೆ ಬರಲು ಒಂದು ದಾರಿಯಿದೆ. ಕೆಲವು ಎಣ್ಣೆಗಳೂ ಮೇಣಗಳೂ ಕೊಬ್ಬಿನಿಂದ ತಯಾರಾದ ರಾಸಾಯನಿಕಗಳೂ (ಐಸೋಪ್ರೊಪೈಲ್ ಮಿರಿಸ್ಟೇಟ್ ಎಂಬುದು ಇವುಗಳಲ್ಲಿ ಕುಖ್ಯಾತವಾದುದು) ಆ ದಾರಿಯ ಗೋಡೆಯನ್ನು ಕೆರಳಿಸುತ್ತವೆ; ಉದುರಿಹೋಗಬೇಕಾದ ಚರ್ಮದ ಕಣಗಳು ಅಲ್ಲಿಯೇ ಅಂಟಿಕೊಂಡು ಬಿರಡೆಯಾಗುತ್ತವೆ. ಬಿರಡೆಯ ಹಿಂದೆ ಜಿಡ್ಡು ತುಂಬುತ್ತದೆ, ಗಂಟು ಏಳುತ್ತದೆ, ಕೆಲವು ಕೆಂಪಾಗಿ ಕೀವುಗಟ್ಟುತ್ತವೆ. ಕೂದಲಿಗೆ ಹಚ್ಚಿದ ಎಣ್ಣೆ ಹಣೆಗಿಳಿದು ಅಲ್ಲಿ ಗುಳ್ಳೆ ಏಳುವುದೂ ಇದೇ ದಾರಿಯಿಂದ.

ಆದರೆ ಇದರ ನಿಜವಾದ ಕೇಡು ಇದರ ನಿಧಾನದಲ್ಲಿದೆ. ಅಲರ್ಜಿಯಾದರೆ ಹಚ್ಚಿದ ಒಂದೆರಡು ದಿನಗಳಲ್ಲಿ ತುರಿಕೆ, ಉರಿ, ಕೆಂಪು ಕಾಣುತ್ತದೆ. ಆ ವಸ್ತುವನ್ನು ಎಸೆದು ಜನ ಪಾರಾಗುತ್ತಾರೆ. ಪ್ರಸಾಧನದ ಮೊಡವೆಯಾದರೋ ವಾರಗಳ ಬಳಿಕ, ಹಲವೊಮ್ಮೆ ತಿಂಗಳುಗಳ ಬಳಿಕ ಮೇಲೇಳುತ್ತದೆ. ಅಷ್ಟರಲ್ಲಿ ಆ ಕ್ರೀಮು ಮನೆಯ ವಸ್ತುವಾಗಿರುತ್ತದೆ, ಅದರ ಮೇಲೆ ಯಾರಿಗೂ ಸಂಶಯ ಬಾರದು. ಗುಳ್ಳೆಯನ್ನು ಮರೆಮಾಡಲು ಆಕೆ ಇನ್ನೂ ದಪ್ಪನಾಗಿ ಲೇಪ ಹಚ್ಚುತ್ತಾಳೆ. ಲೇಪದಿಂದ ಗುಳ್ಳೆ, ಗುಳ್ಳೆಗಾಗಿ ಲೇಪ. ಬಿಟ್ಟರೂ ಕೂಡಲೇ ಮುಖ ತಿಳಿಯಾಗುವುದಿಲ್ಲ, ತಿಂಗಳುಗಳು ಬೇಕು. ಎಂಟು ದಿನ ಬಿಟ್ಟು ನೋಡಿ, ಗುಣವಿಲ್ಲವೆಂದು ಮತ್ತೆ ಹಚ್ಚಿದವರೇ ಹೆಚ್ಚು. ದಶಲಕ್ಷಣ ಪರ್ವದ ಹತ್ತು ದಿನ ಪ್ರಸಾಧನವನ್ನು ತ್ಯಜಿಸುವ ಶ್ರಾವಿಕೆಯರು ಇದನ್ನು ಗಮನಿಸಬೇಕು: ಹತ್ತು ದಿನ ವ್ರತಕ್ಕೆ ಸಾಕು, ಚರ್ಮಕ್ಕೆ ಸಾಲದು.

ಇಷ್ಟೇ ಆಗಿದ್ದರೆ ಇದು ವೈದ್ಯರ ವಿಷಯವೆಂದು ಬಿಟ್ಟುಬಿಡಬಹುದಿತ್ತು. ಧರ್ಮಪತ್ರಿಕೆಯ ಪುಟಗಳಿಗೆ ಇದನ್ನು ಎಳೆತರಬೇಕಾಗಿರಲಿಲ್ಲ. ಮುಂದಿನ ಹೆಜ್ಜೆಯಲ್ಲಿ ವಿಷಯ ಬದಲಾಗುತ್ತದೆ.

ಮೊಡವೆಯೆದ್ದ ಮಗಳನ್ನು ಹೆಣ್ಣು ನೋಡಲು ಬರುವವರ ಮುಂದೆ ಹೇಗೆ ಕೂರಿಸುವುದೆಂದು ತಾಯಿ ಚಿಂತಿಸುತ್ತಾಳೆ. ಬ್ಯೂಟಿ ಪಾರ್ಲರಿನಾಕೆಯೋ, ಔಷಧದ ಅಂಗಡಿಯವನೋ, ಫ್ಯಾನ್ಸಿ ಸ್ಟೋರಿನವನೋ ಒಂದು ಟ್ಯೂಬು ಕೊಡುತ್ತಾನೆ. ಹಚ್ಚಿದ ನಾಲ್ಕೈದು ದಿನಗಳಲ್ಲಿ ಗುಳ್ಳೆಗಳ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗಾಗುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಆ ಟ್ಯೂಬಿನಲ್ಲಿರುವುದು ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಮುಂತಾದ ಸ್ಟಿರಾಯ್ಡುಗಳಲ್ಲೊಂದು; ಇಸಬು ಮುಂತಾದ ಚರ್ಮರೋಗಗಳಿಗೆ ವೈದ್ಯರು ಅಳತೆಯಿಟ್ಟು, ದಿನವೆಣಿಸಿ ಕೊಡಬೇಕಾದ ಔಷಧ. ಅದನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ಎಳೆರಕ್ತನಾಳಗಳು ಕಾಣಿಸುತ್ತವೆ, ಬಿಸಿಲಿಗೆ ಹೋದರೆ ಉರಿ, ಬೇಡದ ಕೂದಲು, ಮತ್ತು ಮೊದಲಿಗಿಂತ ದಟ್ಟವಾದ ಮೊಡವೆ. ಬಿಟ್ಟರೆ ಮುಖ ಕೆಂಪೇರಿ ಸುಡುತ್ತದೆ, ಆದುದರಿಂದ ಬಿಡಲಾಗದು. ಇದು ಮುಖದ ದುಶ್ಚಟ. (ಹಾಗೆ ಹಚ್ಚುತ್ತಿರುವವರು ಒಮ್ಮೆಗೇ ನಿಲ್ಲಿಸದೆ ಚರ್ಮವೈದ್ಯರ ಸಲಹೆಯಂತೆ ಬಿಡುವುದು ಒಳಿತು.)

ಇದು ಅತಿಶಯೋಕ್ತಿಯೆಂದು ತಿಳಿಯುವವರಿಗೆ ಭಾರತದ ಚರ್ಮರೋಗ ತಜ್ಞರು 12 ಕೇಂದ್ರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮುಖದ ಚರ್ಮದ ತೊಂದರೆಯಿಂದ ಬಂದ 2,926 ಮಂದಿಯಲ್ಲಿ 433 ಮಂದಿ, ಅಂದರೆ ಶೇಕಡಾ 14.8ರಷ್ಟು ಜನ, ಮುಖಕ್ಕೆ ಸ್ಟಿರಾಯ್ಡು ಹಚ್ಚುತ್ತಿದ್ದರು. ಅವರಲ್ಲಿ 126 ಮಂದಿಗೆ ಅದು ಬಿಳುಪಿನ ಕ್ರೀಮು ಅಥವಾ ಕ್ಷೌರದ ಬಳಿಕದ ಲೇಪ. 104 ಮಂದಿ ಹಚ್ಚುತ್ತಿದ್ದುದು ಮೊಡವೆಗಾಗಿ. ಅದರಿಂದಾದ ತೊಂದರೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಯಾವುದು? ಮೊಡವೆಯೇ. ಯಾವುದನ್ನು ಕಳೆಯಲು ಹಣ ಕೊಟ್ಟರೋ ಅದನ್ನೇ ಹಣ ಕೊಟ್ಟು ಕೊಂಡಂತಾಯಿತು. 2018ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟಿರಾಯ್ಡು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆಯೆಂಬುದನ್ನು ಓದುಗರೇ ತಮ್ಮ ಬೀದಿಯಲ್ಲಿ ನೋಡಿಕೊಳ್ಳಬಹುದು.

ಇದಕ್ಕಿಂತಲೂ ಘೋರವಾದುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದಂತೆ ಅದು ತಡೆಯುತ್ತದೆ. ಆದುದರಿಂದ ಮುಖ ಬೇಗನೆ ಬಿಳುಪಾಗುತ್ತದೆ. ಚರ್ಮದ ಮೂಲಕ ಒಳಗಿಳಿದ ಪಾದರಸ ಮೂತ್ರಪಿಂಡಗಳಲ್ಲಿ ಶೇಖರವಾಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಮೂತ್ರದಲ್ಲಿ ಪ್ರೋಟೀನು ಸೋರುವ ಒಂದು ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರಿಶೀಲಿಸಿದರು. 15 ಮಂದಿಯಲ್ಲಿ ಕಂಡದ್ದು ಅಪರೂಪದ ಒಂದೇ ಬಗೆ. ಆ 15 ಮಂದಿಯಲ್ಲಿ 13 ಮಂದಿ ಮುಖ ಬಿಳುಪಾಗಿಸುವ ಕ್ರೀಮು ಬಳಸಿದ್ದನ್ನು ಒಪ್ಪಿಕೊಂಡರು. ಕನ್ನಡಿಯ ಹಲಗೆಯಿಂದ ಮೂತ್ರಪಿಂಡದ ವೈದ್ಯರ ಬಾಗಿಲಿಗೆ ಇಷ್ಟೇ ದೂರ. ಭಾರತದಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳು ಇಂತಹ ಕ್ರೀಮುಗಳಲ್ಲಿ ಪಾದರಸ ಬೆರೆಸುವುದನ್ನು ನಿಷೇಧಿಸಿವೆ; ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ 1 ಭಾಗ ಮೀರಕೂಡದು. ಪಾದರಸದ ಕುರಿತಾದ ಮಿನಾಮಾಟಾ ಅಂತಾರಾಷ್ಟ್ರೀಯ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸೇರಿ, ಪಾದರಸ ಬೆರೆಸಿದ ಪ್ರಸಾಧನಗಳಿಗೆ 2025ರೊಳಗೆ ಪೂರ್ಣ ವಿರಾಮ ಹಾಕಬೇಕೆಂದು ನಿಶ್ಚಯಿಸಿದವು. ಆದರೂ ತಯಾರಕರ ವಿಳಾಸವಿಲ್ಲದ, ಬಿಲ್ಲಿಲ್ಲದ, ಗಡಿ ದಾಟಿ ಬಂದ ಡಬ್ಬಿಗಳು ಅಂಗಡಿಯ ಒಳಗಪಾಟಿನಿಂದ ಹೊರಬರುವುದು ನಿಂತಿಲ್ಲ.

ಆ ಕಪಾಟು ಯಾರದು? ಈ ಪ್ರಶ್ನೆಯನ್ನು ಜೈನ ಸಮಾಜ ಕೇಳಿಕೊಳ್ಳಲೇಬೇಕು. ಜೈನರು ವ್ಯಾಪಾರಿಗಳು. ಬಟ್ಟೆ, ಬಂಗಾರ, ಕಿರಾಣಿಗಳ ಜತೆಗೆ ಔಷಧದ ಸಗಟು ವ್ಯಾಪಾರ, ಬಳೆ-ಬಣ್ಣದ ಅಂಗಡಿ, ಪ್ರಸಾಧನಗಳ ಏಜೆನ್ಸಿ ಇವೆಲ್ಲವೂ ಸಮಾಜ ಬಾಂಧವರ ಕೈಯಲ್ಲಿ ಅನೇಕ ಊರುಗಳಲ್ಲಿವೆ. ಅಂಗಡಿಯ ಗೋಡೆಯ ಮೇಲೆ ತೀರ್ಥಂಕರರ ಪಟ, ಗಲ್ಲಾಪೆಟ್ಟಿಗೆಯ ಮೇಲೆ ಸ್ವಸ್ತಿಕ, ಸಂಜೆ ಆರಕ್ಕೆ ಊಟಕ್ಕೆಂದು ಮನೆಗೆ ಹೋಗುವ ಮಾಲೀಕ. ಅವನು ಹೋದ ಮೇಲೆ, ಅಥವಾ ಅವನೇ ಕುಳಿತಿರುವಾಗ, ಅದೇ ಅಂಗಡಿಯಿಂದ ಚೀಟಿಯಿಲ್ಲದೆ ಸ್ಟಿರಾಯ್ಡು ಟ್ಯೂಬು ಹೊರಹೋಗುತ್ತದೆ. ಪ್ರಸಾಧನಗಳ ಚಿಲ್ಲರೆ ಮಾರಾಟಕ್ಕೆ ಈ ದೇಶದಲ್ಲಿ ಪರವಾನಗಿಯೂ ಬೇಡ. ತಯಾರಕನಿಗೆ ಬೇಕು, ಆಮದುಗಾರನಿಗೆ ನೋಂದಣಿ ಬೇಕು, ಎದುರು ಕುಳಿತು ಮಾರುವವನಿಗೆ ಏನೂ ಬೇಡ. ಅಂದರೆ ಆ ಸ್ಥಳದಲ್ಲಿ ಅಧಿಕಾರಿಯ ಕಣ್ಣಿಲ್ಲ. ವ್ರತವೊಂದು ಕೆಲಸಕ್ಕೆ ಬರಬೇಕಾದ ಸ್ಥಳ ಇದೇ ಅಲ್ಲವೇ?

ಅಂಗಡಿಯವರ ಉತ್ತರ ಎಲ್ಲರಿಗೂ ಗೊತ್ತಿರುವುದೇ. "ಗಿರಾಕಿ ಕೇಳಿದ್ದನ್ನು ಕೊಡುತ್ತೇವೆ, ನಾವೇನು ಬಲವಂತ ಮಾಡಿ ಹಚ್ಚುತ್ತೇವೆಯೇ? ನಾವು ಕೊಡದಿದ್ದರೆ ಎದುರಿನವನು ಕೊಡುತ್ತಾನೆ." ಈ ಮಾತಿನ ಎರಡನೆಯ ಭಾಗವನ್ನು ಮೊದಲು ನೋಡೋಣ. ಎದುರಿನವನು ಮೀನು ಮಾರುತ್ತಾನೆ, ಮದ್ಯ ಮಾರುತ್ತಾನೆ. ಆ ಕಾರಣಕ್ಕೆ ಜೈನ ವ್ಯಾಪಾರಿ ಮೀನಿನ ಬುಟ್ಟಿ ಇಟ್ಟದ್ದುಂಟೇ? ಎದುರಿನವನ ನಡತೆ ತನಗೆ ಅಳತೆಯಲ್ಲವೆಂಬುದನ್ನು ಅವನು ಆ ವಿಷಯದಲ್ಲಿ ಚೆನ್ನಾಗಿ ಬಲ್ಲ. ಇನ್ನು ಗಿರಾಕಿ ಕೇಳುತ್ತಾನೆಂಬುದು. ಗಿರಾಕಿ ಕೇಳುವುದು ಬಿಳುಪನ್ನು, ಮೊಡವೆಯಿಲ್ಲದ ಮುಖವನ್ನು; ಬೀಟಾಮೆಥಸೋನನ್ನು ಅವಳು ಕೇಳಲಿಲ್ಲ, ಪಾದರಸವನ್ನಂತೂ ಕೇಳಲೇ ಇಲ್ಲ. ಕೇಳಿದ್ದೊಂದು, ಕೊಟ್ಟದ್ದೊಂದು. ಇದಕ್ಕೆ ವ್ಯಾಪಾರಶಾಸ್ತ್ರದಲ್ಲಿ ಏನು ಹೆಸರಿದೆಯೋ, ಧರ್ಮಶಾಸ್ತ್ರದಲ್ಲಂತೂ ಹೆಸರಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಎರಡನ್ನು ವ್ಯಾಪಾರಿಗಳಿಗೆಂದೇ ಹೇಳಿದಂತಿದೆ. ಒಂದು ವಿರುದ್ಧರಾಜ್ಯಾತಿಕ್ರಮ: ರಾಜ್ಯದ ಕಟ್ಟಳೆಯನ್ನು ಮೀರಿ ನಡೆಸುವ ವ್ಯವಹಾರ. ಬಿಲ್ಲಿಲ್ಲದೆ ಗಡಿ ದಾಟಿ ಬಂದ ಡಬ್ಬಿಯೂ ಚೀಟಿಯಿಲ್ಲದೆ ಮಾರಿದ ಟ್ಯೂಬೂ ಇದರೊಳಗೆ ಬರುತ್ತವೆ. ಇನ್ನೊಂದು ಪ್ರತಿರೂಪಕವ್ಯವಹಾರ: ಒಂದರ ರೂಪದಲ್ಲಿ ಇನ್ನೊಂದನ್ನು ದಾಟಿಸುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ದೋಷಕ್ಕೆ ಸದೃಶಸನ್ಮಿಶ್ರವೆಂದು ಹೆಸರು. ಶ್ರೀಗಂಧದ ಚಿತ್ರವಿರುವ ಡಬ್ಬಿಯಲ್ಲಿ ಪಾದರಸವಿದ್ದರೆ ಅದು ಸದೃಶಸನ್ಮಿಶ್ರವಲ್ಲದೆ ಮತ್ತೇನು? ಅದೇ ಗ್ರಂಥವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಎಣಿಸಿ, ಕೊಲ್ಲುವ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವವನನ್ನೂ ದೋಷಿಯೆಂದೇ ಗಣಿಸುತ್ತದೆ. ಶ್ರಾವಕನು ವರ್ಜಿಸಬೇಕಾದ ಹದಿನೈದು ಕ್ರೂರ ವೃತ್ತಿಗಳ ಪಟ್ಟಿಯೊಂದು ಶ್ವೇತಾಂಬರ ಆಗಮಗಳಲ್ಲಿಯೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಇದೆ; ದಂತ, ಲಾಕ್ಷಾ, ರಸ, ಕೇಶ, ವಿಷ ಎಂಬ ಐದು ವಾಣಿಜ್ಯಗಳು ಅದರಲ್ಲಿ ಸೇರಿವೆ. ದಿಗಂಬರ ಪರಂಪರೆಯ ಪಂಡಿತ ಆಶಾಧರನೂ ಸಾಗಾರಧರ್ಮಾಮೃತದಲ್ಲಿ ಇದನ್ನು ಪ್ರಸ್ತಾಪಿಸುತ್ತಾನಾದರೂ ಇಂತಹ ಎಣಿಕೆಗೆ ಅವನು ಹೆಚ್ಚಿನ ಬೆಲೆ ಕೊಟ್ಟವನಲ್ಲ. ದೋಷದ ವೃತ್ತಿಗಳು ಲೆಕ್ಕಕ್ಕೆ ಸಿಗುವವಲ್ಲವೆಂಬುದು ಅವನ ನಿಲುವು. ಅವನ ಮಾತೇ ಸರಿಯೆಂದು ತೋರುತ್ತದೆ. ಹದಿಮೂರನೆಯ ಶತಮಾನದ ಪಂಡಿತನೊಬ್ಬನು ಮುಖದ ಕ್ರೀಮನ್ನು ಪಟ್ಟಿಯಲ್ಲಿ ಸೇರಿಸಲಿಲ್ಲವೆಂದು ಇಂದಿನ ವ್ಯಾಪಾರಿ ನುಣುಚಿಕೊಳ್ಳುವಂತಿಲ್ಲ.

ಲಾಕ್ಷಾವಾಣಿಜ್ಯದ ಮಾತು ಬಂದುದರಿಂದ ತುಟಿಯ ಬಣ್ಣದ ವಿಷಯವನ್ನೂ ಹೇಳಿಬಿಡಬಹುದು. ಕಾರ್ಮೈನ್ ಎಂಬ ಕೆಂಪು ಬಣ್ಣ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆದುದು. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಕೀಟಗಳೆಂಬುದು ರೂಢಿಯ ಲೆಕ್ಕ. ಡಬ್ಬಿಯ ಮೇಲೆ ಅದು ಸಿಐ 75470 ಎಂಬ ಅಂಕಿಯಾಗಿ ಅಡಗಿರುತ್ತದೆ. ಹೊಳಪಿಗೆ ಮೀನಿನ ಹುರುಪೆಯಿಂದ ತೆಗೆದ ಗ್ವಾನಿನ್, ನುಣುಪಿಗೆ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್, ಕೆಲವು ಕಡೆ ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಿಂದ ಬಂದ ಸ್ಕ್ವಾಲೀನ್. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಾಗಿ ಬಟ್ಟೆ ಕಟ್ಟುವ ಮನೆಯ ಹೆಣ್ಣುಮಗಳು ತುಟಿಯ ಮೇಲೆ ಕೀಟದ ಪುಡಿಯನ್ನು ಹೊತ್ತು ಬಸದಿಗೆ ಬರುತ್ತಾಳೆ; ಅದು ಅವಳಿಗೆ ತಿಳಿಯದು. ತಿಳಿಸುವ ಸ್ಥಾನದಲ್ಲಿದ್ದವರು ತಿಳಿಸಿಲ್ಲ.

ಹಸಿರು ಚುಕ್ಕೆ ಇದ್ದರೆ ಸಾಲದೇ ಎನ್ನುವವರುಂಟು. ಪ್ರಸಾಧನಗಳಲ್ಲಿ ಪ್ರಾಣಿಜನ್ಯ ವಸ್ತುವಿದ್ದರೆ ಗುರುತು ಹಾಕಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2002ರಲ್ಲಿ ಹೇಳಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. 2014ರಲ್ಲಿ ಸರಕಾರವೇ ಚುಕ್ಕೆಯ ಅಧಿಸೂಚನೆ ಹೊರಡಿಸಿತು. ಅಂಗಡಿಯಲ್ಲಿ ನಿಂತು ನೋಡಿದರೆ ಕೆಲವಕ್ಕೆ ಚುಕ್ಕೆಯುಂಟು, ಹಲವಕ್ಕೆ ಇಲ್ಲ. ಇದ್ದರೂ ಆ ಚುಕ್ಕೆ ಉತ್ತರಿಸುವುದು ಒಂದೇ ಪ್ರಶ್ನೆಯನ್ನು: ಒಳಗೆ ಪ್ರಾಣಿಯ ಅಂಶವಿದೆಯೇ? ಹಚ್ಚಿದವಳ ಮುಖ ಏನಾಗುತ್ತದೆಂಬುದು ಅದಕ್ಕೆ ಗೊತ್ತಿಲ್ಲ. ಪಾದರಸ ಶುದ್ಧ ಖನಿಜ; ಹಸಿರು ಚುಕ್ಕೆಗೆ ಅದರಿಂದ ಬಾಧಕವಿಲ್ಲ. ಹಾಗೆಯೇ ಹರ್ಬಲ್ ಎಂಬ ಶಬ್ದ. ಕೊಬ್ಬರಿ ಎಣ್ಣೆಯೂ ಕೋಕೋ ಬೆಣ್ಣೆಯೂ ಸಸ್ಯಜನ್ಯವೇ, ಮೊಡವೆ ಬರುವ ಮುಖದಲ್ಲಿ ರೋಮಕೂಪವನ್ನು ಮುಚ್ಚುವುದರಲ್ಲಿ ಅವು ಯಾವ ರಾಸಾಯನಿಕಕ್ಕೂ ಕಡಿಮೆಯಲ್ಲ.

ನಾನ್-ಕಾಮಿಡೋಜೆನಿಕ್ ಎಂಬ ಇನ್ನೊಂದು ಬರಹ ಬೆಲೆಯೇರಿದ ಡಬ್ಬಿಗಳ ಮೇಲಿರುತ್ತದೆ. ರೋಮಕೂಪವನ್ನು ಮುಚ್ಚುವುದಿಲ್ಲವೆಂದು ಅರ್ಥ. ಅದಕ್ಕೆ ಕಾನೂನಿನ ನಿಗದಿತ ಅಳತೆಗೋಲಿಲ್ಲ. ಇದ್ದ ಅಳತೆಗೋಲಾದರೂ ಎಂತಹುದು? ಮೊಲದ ಕಿವಿ. ಕ್ಲಿಗ್ಮನ್ ಮತ್ತು ಮಿಲ್ಸ್ ತಮ್ಮ 1972ರ ಶೋಧನೆಯಲ್ಲಿ ಬಳಸಿದ್ದು ಅದನ್ನೇ: ಮೊಲದ ಕಿವಿಯ ಒಳಭಾಗಕ್ಕೆ ವಸ್ತುವನ್ನು ದಿನವೂ ಹಚ್ಚಿ, ಎರಡು ವಾರಗಳ ಬಳಿಕ ಆ ಚರ್ಮವನ್ನು ಕೊಯ್ದು, ಗಂಟುಗಳನ್ನು ಪರೀಕ್ಷಿಸುವುದು. ಮೊಲದ ಕಿವಿ ಮನುಷ್ಯನ ಚರ್ಮಕ್ಕಿಂತ ಬೇಗ ಕೆರಳುವುದರಿಂದ ಅದರ ಸಾಕ್ಷ್ಯ ಪೂರ್ತಿ ನಂಬಲರ್ಹವಲ್ಲವೆಂದು ಮುಂದೆ ತಿಳಿದುಬಂತು. ಕ್ಲಿಗ್ಮನ್‌ನ ಹೆಸರು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ 1951ರಿಂದ 1974ರವರೆಗೆ ನಡೆದ ಚರ್ಮದ ಪ್ರಯೋಗಗಳಿಗೂ ಅಂಟಿಕೊಂಡಿದೆ. ಇತರರ ಚರ್ಮವನ್ನು ಕೆರಳಿಸಿ ಪಡೆದ ಜ್ಞಾನದಿಂದ ಒಂದು ವರ್ಗದ ಚರ್ಮ ನುಣುಪಾಗಬೇಕೆನ್ನುವ ಉದ್ಯಮ ಇದು. ಭಾರತ 2014ರಲ್ಲಿ ಪ್ರಸಾಧನಗಳ ಪ್ರಾಣಿಪರೀಕ್ಷೆಯನ್ನೂ ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ನಿಷೇಧಿಸಿದ್ದು ಸಮಾಧಾನದ ಸಂಗತಿ. ಆ ನಿಷೇಧಕ್ಕಾಗಿ ಹೋರಾಡಿದವರಲ್ಲಿ ಪ್ರಾಣಿದಯಾ ಸಂಘಟನೆಗಳು ಮುಂದಿದ್ದವು. ಸಮಾಜದ ಎಷ್ಟು ಸಭೆಗಳಲ್ಲಿ ಇದು ಚರ್ಚೆಗೆ ಬಂದಿತ್ತೆಂದು ಹಿರಿಯರು ನೆನಪಿಸಿಕೊಳ್ಳಲಿ.

ಇಷ್ಟನ್ನು ಓದಿ ಕೆಲವರು ಸಂತೋಷಪಟ್ಟಾರು. ದೇಹವೇ ಅಶುಚಿ, ಅದಕ್ಕೆ ಅಲಂಕಾರವೇಕೆ, ಹೆಣ್ಣುಮಕ್ಕಳಿಗೆ ಬುದ್ಧಿಯಿಲ್ಲ, ಎಂದು ಅಶುಚಿ ಅನುಪ್ರೇಕ್ಷೆಯನ್ನು ಮುಂದಿಟ್ಟು ಮೀಸೆ ತಿರುವಬಹುದು. ಅವರಿಗೆ ಆ ಅಧಿಕಾರವಿಲ್ಲ. ಅನುಪ್ರೇಕ್ಷೆ ತನ್ನ ದೇಹವನ್ನು ಕುರಿತು ತಾನು ಮಾಡುವ ಚಿಂತನೆ. ನೆರೆಮನೆಯ ಹುಡುಗಿಯ ಮುಖವನ್ನು ಕುರಿತು ಹೇಳುವ ಟೀಕೆಯಲ್ಲ. ದೇಹ ಅಶುಚಿಯೆಂದು ನಂಬುವವರು ಮಗನಿಗೆ ಹೆಣ್ಣು ಹುಡುಕುವಾಗ ಆ ಅಶುಚಿಯ ಬಣ್ಣವನ್ನೇ ಮೊದಲು ವಿಚಾರಿಸುವುದೇಕೆ? ಹುಡುಗಿಯ ವಿದ್ಯೆ, ಗುಣ, ಸ್ವಾಧ್ಯಾಯ ಎಲ್ಲವೂ ಒಪ್ಪಿಗೆಯಾಗಿ, "ಮುಖದ ಮೇಲೆ ಸ್ವಲ್ಪ ಕಲೆ ಜಾಸ್ತಿ" ಎಂಬ ಒಂದು ಮಾತಿಗೆ ನಿಂತುಹೋದ ಸಂಬಂಧಗಳು ಪ್ರತಿಯೊಂದು ಊರಿನಲ್ಲಿಯೂ ಇವೆ. ಆ ಮಾತನ್ನು ಆಡುವವರು ಕಂಪನಿಯವರಲ್ಲ, ಅಂಗಡಿಯವರೂ ಅಲ್ಲ. ಅತ್ತೆಯಾಗಲಿರುವವರು, ನಾದಿನಿಯಾಗಲಿರುವವರು, ಮರುದಿನ ಬೆಳಿಗ್ಗೆ ಬಸದಿಯಲ್ಲಿ ಅಷ್ಟವಿಧಾರ್ಚನೆಗೆ ನಿಲ್ಲುವವರು. ಹುಡುಗಿ ಆ ರಾತ್ರಿ ಟ್ಯೂಬು ಒತ್ತುವಾಗ ಅವಳ ಬೆರಳನ್ನು ಒತ್ತುವವರು ಯಾರು?

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು, ನಾಲ್ಕೂವರೆ ದಶಕಗಳ ಬಳಿಕ 2020ರಲ್ಲಿ ತನ್ನ ಹೆಸರಿನಿಂದ ಫೇರ್ ಎಂಬ ಶಬ್ದವನ್ನು ತೆಗೆದುಹಾಕಿತು. ಲಾಭಕ್ಕಾಗಿ ನಡೆಯುವ ಕಂಪನಿ ಬಿಟ್ಟ ಶಬ್ದವನ್ನು ಧರ್ಮಕ್ಕಾಗಿ ನಡೆಯುವ ಪತ್ರಿಕೆಗಳ ವಧೂವರ ಅಂಕಣಗಳು ಇನ್ನೂ ಬಿಟ್ಟಿಲ್ಲ. ಬೆಳ್ಳಗಿನ, ಸುಂದರ, ಗೌರವರ್ಣದ ಕನ್ಯೆ ಬೇಕೆಂದು ಅಚ್ಚಾಗುತ್ತಲೇ ಇದೆ. ಆ ಪುಟದ ಹಿಂದೆಯೇ ಅಪರಿಗ್ರಹದ ಮೇಲೆ ಲೇಖನವೂ ಇರುತ್ತದೆ.

ಇನ್ನು ಬಸದಿಗಳ ಟ್ರಸ್ಟುಗಳ ವಿಷಯ. ಧರ್ಮದರ್ಶಿಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು, ಏಕೆಂದರೆ ಟ್ರಸ್ಟೂ ಒಬ್ಬ ಸಗಟು ಖರೀದಿದಾರನೇ. ಪದ್ಮಾವತಿ ಅಮ್ಮನವರ ಸನ್ನಿಧಿಗಳಲ್ಲಿ ಕುಂಕುಮಾರ್ಚನೆ ನಡೆಯುತ್ತದೆ. ಕುಂಕುಮ ಪ್ರಸಾದವಾಗಿ ನೂರಾರು ಹಣೆಗಳಿಗೆ ಹೋಗುತ್ತದೆ. ಅರಿಸಿನಕ್ಕೆ ಸುಣ್ಣವೋ ಕ್ಷಾರವೋ ಸೇರಿಸಿ ಕೆಂಪಾಗಿಸಿದ ಹಳೆಯ ಕುಂಕುಮ ಒಂದು, ಅಗ್ಗದ ಪುಡಿಗೆ ರಾಸಾಯನಿಕ ಬಣ್ಣ ಬೆರೆಸಿದ ಕುಂಕುಮ ಮತ್ತೊಂದು. ಎರಡನೆಯದರಿಂದ ಹಣೆಯಲ್ಲಿ ತುರಿಕೆ, ಗುಳ್ಳೆ, ಬಳಿಕ ಕಪ್ಪು ಕಲೆ ನಿಲ್ಲುವುದನ್ನು ಭಾರತದ ಚರ್ಮವೈದ್ಯರು ಬಹಳ ಕಾಲದಿಂದ ಬಲ್ಲರು. ಅಂಟಿಸುವ ಬಿಂದಿಯ ಗೋಂದಿನಿಂದ ಹಣೆಯ ನಡುವೆ ಬಿಳಿಯ ಮಚ್ಚೆ ಉಳಿಯುವುದೂ ಅವರಿಗೆ ಹೊಸತಲ್ಲ. ಟ್ರಸ್ಟಿನ ಸಭೆಯಲ್ಲಿ ಕುಂಕುಮದ ಕೊಟೇಶನ್ನುಗಳು ಬಂದಾಗ ಅತಿ ಕಡಿಮೆ ದರದ್ದಕ್ಕೆ ಮಂಜೂರಾತಿ ಸಿಗುತ್ತದೆ. ಅಭಿಷೇಕದ ಹಾಲಿಗೆ ಯಾವ ಹಸುವೆಂದು ಕೇಳುವ ಸಭೆ, ಕುಂಕುಮಕ್ಕೆ ಯಾವ ಬಣ್ಣವೆಂದು ಕೇಳದು. ಅರಿಸಿನದಿಂದಲೇ ಮಾಡಿದ್ದೆಂಬ ಲಿಖಿತ ಭರವಸೆಯಿಲ್ಲದೆ ಬಿಲ್ಲು ಪಾವತಿ ಮಾಡಬಾರದು. ಅದೂ ಸಿಗದಿದ್ದರೆ ಶ್ರಾವಿಕಾ ಸಂಘದವರಿಂದ ಬಸದಿಯಲ್ಲಿಯೇ ಮಾಡಿಸಬಹುದು. ದರ ಹೆಚ್ಚಾದೀತು. ಆ ಹೆಚ್ಚಿನ ದರ ಲೆಕ್ಕಪತ್ರದಲ್ಲಿ ಕಾಣಿಸುತ್ತದೆ, ಹಣೆಯ ಕಲೆ ಕಾಣಿಸುವುದಿಲ್ಲ; ಇಷ್ಟೇ ವ್ಯತ್ಯಾಸ.

ಟ್ರಸ್ಟಿನ ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ಮಾಂಸ, ಮದ್ಯ, ಬೀಡಿ ಸಿಗರೇಟು ಮಾರಕೂಡದೆಂದು ಕರಾರು ಬರೆಸುತ್ತಾರೆ. ಅದೇ ಕರಾರಿನಲ್ಲಿ ಇನ್ನೂ ಒಂದು ಸಾಲು ಬರೆಸಬಹುದು: ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದ ಪ್ರಸಾಧನವನ್ನೂ, ವೈದ್ಯರ ಚೀಟಿಯಿಲ್ಲದೆ ಸ್ಟಿರಾಯ್ಡು ಲೇಪವನ್ನೂ ಮಾರಕೂಡದು. ಶ್ರಾವಿಕಾ ಸಂಘಗಳು ವರ್ಷಕ್ಕೊಮ್ಮೆ ಚರ್ಮವೈದ್ಯರನ್ನು ಕರೆಸಿ, ಸದಸ್ಯೆಯರು ತಮ್ಮ ಕನ್ನಡಿಯ ಹಲಗೆಯ ಡಬ್ಬಿಗಳನ್ನು ತಂದು ತೋರಿಸುವಂತೆ ಏರ್ಪಾಡು ಮಾಡಬಹುದು. ಮಿಶ್ರಣದಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆದಿರಬೇಕೆಂಬ ನಿಯಮವಿದೆ. ಕ್ಯಾಲೋಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಮೂರು ಹೆಸರುಗಳೂ ಪಾದರಸದವೇ ಎಂದು ಅಷ್ಟಾದರೂ ಎಲ್ಲರಿಗೂ ತಿಳಿದಿರಲಿ. ಬಿಸ್ಕತ್ತಿನ ಪೊಟ್ಟಣವನ್ನು ಓದುವ ಅಜ್ಜಿಗೆ ಇದು ಕಷ್ಟದ ಕೆಲಸವಲ್ಲ.

ಕೊನೆಯದಾಗಿ ವಧೂವರ ಸಮಾವೇಶಗಳು. ಟ್ರಸ್ಟುಗಳು ಕಲ್ಯಾಣಮಂಟಪಗಳಲ್ಲಿ ಇವನ್ನು ಏರ್ಪಡಿಸುತ್ತವೆ, ಒಳ್ಳೆಯ ಉದ್ದೇಶದಿಂದಲೇ. ಅಲ್ಲಿ ಕೊಡುವ ಅರ್ಜಿಯ ನಮೂನೆಯಲ್ಲಿ ಹೆಸರು, ಗೋತ್ರ, ವಿದ್ಯೆ, ಎತ್ತರಗಳ ಕೆಳಗೆ ಬಣ್ಣ ಎಂದು ಒಂದು ಸಾಲು ಇರುವುದುಂಟು. ಗೋಧಿ ಬಣ್ಣ, ಎಣ್ಣೆಗಪ್ಪು ಎಂದು ತಂದೆತಾಯಿಗಳು ಲೇಖನಿ ಹಿಡಿದು ಯೋಚಿಸಿ ಯೋಚಿಸಿ ತುಂಬುವ ಸಾಲು ಅದು. ಮುಂದಿನ ಸಮಾವೇಶಕ್ಕೆ ಅರ್ಜಿಗಳನ್ನು ಮರುಮುದ್ರಣಕ್ಕೆ ಕೊಡುವಾಗ ಆ ಒಂದು ಸಾಲನ್ನು ತೆಗೆಯಿರೆಂದು ಕಾರ್ಯದರ್ಶಿಗಳು ಹೇಳಿದರೆ, ಮುದ್ರಣಾಲಯದವರು ಅದಕ್ಕಾಗಿ ಹೆಚ್ಚಿನ ಹಣವನ್ನ���ನೂ ಕೇಳಲಾರರು.